ಬೆಲ್ಟು ಬಿಚ್ಚಿದ ದಿನದ ರೊಟ್ಟಿ

ಹಳ್ಳಕ್ಕೆ ಸೇತುವೆ ಕಟ್ಟುವುದಕ್ಕೂ ಬಹಳ ಹಿಂದಿನ ಮಾತು. ಏಳು ಸೀಮೆಗಳು ಕೂಡಿ ಒಂದು ದೇಶವಾಗಿತ್ತಂತೆ. ಆ ದೇಶದಲ್ಲಿ ತೊರೆಗಲ್ಲು ಎಂಬ ಊರಿತ್ತಂತೆ. ಹಳ್ಳದ ಈಚೆ ದಡ ಒಂದು ಸೀಮೆ, ಆಚೆ ದಡ ಇನ್ನೊಂದು. ಈಚೆಯ ಪೊಲೀಸರ ಮಾತನ್ನು ಆಚೆಯವರು ನಂಬರು, ಆಚೆಯವರ ಮಾತನ್ನು ಈಚೆಯವರು ನಂಬರು. ಅದಕ್ಕೇ ಇಡೀ ದೇಶಕ್ಕೆ ಸೇರಿದ ಪೊಲೀಸ್ ಪಡೆ ಹಳ್ಳದ ನಡುಬಂಡೆಯ ಮೇಲೆ ಒಂದು ಚೌಕಿ ಹಾಕಿತು. ಅಲ್ಲಿರುವವನು ದೂರದ ಸೀಮೆಯವನಾಗಿರಬೇಕು. ಬೆಲ್ಟು ಕಟ್ಟಿರುವಷ್ಟು ದಿನ ಎರಡು ದಡದ ಯಾರ ಮನೆಯ ಉಪ್ಪನ್ನೂ ತಿನ್ನಬಾರದು. ಅದು ಪಡೆಯ ಕಟ್ಟಳೆ.

ಹಾಗೆ ಬಂದವನು ಕಡಲ ಸೀಮೆಯ ಐತಪ್ಪ ದಫೇದಾರ. ಹದಿನೆಂಟು ವರ್ಷ ಇದ್ದ ಅನ್ನುವವರಿದ್ದಾರೆ, ಇಪ್ಪತ್ತೆರಡು ಅನ್ನುವವರೂ ಇದ್ದಾರೆ. ತಾನೇ ಬೇಯಿಸಿ ತಾನೊಬ್ಬನೇ ಉಣ್ಣುತ್ತಿದ್ದ. ಅವನ ಒಲೆಯ ಹೊಗೆ ಕೂಡ ಯಾವ ದಡಕ್ಕೂ ವಾಲದೆ ನೆಟ್ಟಗೆ ಏಳುತ್ತಿತ್ತಂತೆ. ಮದುವೆಮನೆಯ ಹೋಳಿಗೆ ವಾಸನೆ ಬಂದರೆ ನೀರು ಹರಿದುಹೋಗುವ ಕಡೆ ಮುಖ ತಿರುಗಿಸಿ ಕೂರುತ್ತಿದ್ದನಂತೆ. ಆ ನೀರು ಅವನ ಊರಿನ ಕಡಲಿಗೆ ಹೋಗುತ್ತಿತ್ತು.

ಈಚೆ ದಡದ ಬಾಳವ್ವ ದಿನಾ ಹೊಲಕ್ಕೆ ಬುತ್ತಿ ಒಯ್ಯುವಾಗ ದಂಡೆಯಲ್ಲಿ ನಿಂತು ಕೂಗುತ್ತಿದ್ದಳು.

"ದಫೇದಾರಪ್ಪಾ, ಇವತ್ತ ಎಣಗಾಯಿ ಐತಿ. ಬರೀ ವಾಸ್ನಿ ನೋಡ್ತಿಯೇನು?"

"ಬುತ್ತಿ ಬಿಚ್ಚು ಅವ್ವ, ವಾಸನೆಗೇನು ಉಪ್ಪಿಲ್ಲ."

ಎಷ್ಟೋ ದಿನ ಅವನು ಮನುಷ್ಯರೊಡನೆ ಆಡುತ್ತಿದ್ದದ್ದು ಅಷ್ಟೇ ಮಾತು.

ಒಂದು ಮಧ್ಯಾಹ್ನ ಆಚೆ ದಡದ ಬಣವೆಗಳು ಹೊತ್ತಿ ಉರಿದು ಕಾವಲಿನ ಮುದುಕ ಸತ್ತ. ಬೆಂಕಿ ಇಟ್ಟವನು ಬಾಳವ್ವನ ಒಬ್ಬನೇ ಮಗ ಫಕೀರಪ್ಪನೆಂದು ನೂರು ಜನ ಕುಡುಗೋಲು ಹಿಡಿದು ಹಳ್ಳಕ್ಕಿಳಿದರು. ಐತಪ್ಪ ಅಡ್ಡ ನಿಂತ. ಬೆಳಗಿನಿಂದ ಫಕೀರಪ್ಪ ತನ್ನ ಕಣ್ಣೆದುರಿನ ಹೊಲದಲ್ಲೇ ಕುಂಟೆ ಹೊಡೆಯುತ್ತಿದ್ದ, ಹಳ್ಳ ದಾಟಿಲ್ಲ ಎಂದ.

ಫಕೀರಪ್ಪನ ಮನೆಯಲ್ಲಿ ಒಂದು ತುತ್ತಾದರೂ ಉಂಡಿದ್ದೀಯಾ ಎಂದು ಕೇಳಿದರಂತೆ. ಇಲ್ಲ ಎಂದ. ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ಕುಡುಗೋಲುಗಳು ಕೆಳಗಿಳಿದವು.

ಮರುದಿನ ಬಾಳವ್ವ ನೀರಿಗಿಳಿದು ಬಂಡೆಯವರೆಗೆ ತಟ್ಟೆ ತಂದಳು. ಐತಪ್ಪ ಮುಟ್ಟಲಿಲ್ಲ.

"ನನ್ನ ಕೈಯಾಗಿನ ರೊಟ್ಟಿ ವಿಷ ಏನಪಾ?"

"ಉಂಡರೆ, ರೊಟ್ಟಿಗಾಗಿ ಸುಳ್ಳು ಹೇಳಿದ ಅಂತಾರೆ. ನಿನ್ನ ಮಗನನ್ನು ಹುಡುಕಿಕೊಂಡು ಮತ್ತೆ ಬರ್ತಾರೆ, ಅವ್ವ."

ಬಾಳವ್ವ ತಟ್ಟೆ ಎತ್ತಿಕೊಂಡಳು. "ಬೆಲ್ಟು ಬಿಚ್ಚಿದ ದಿನ ಬಾ. ಅಲ್ಲಿತನಕ ದಿನಾ ಒಂದು ರೊಟ್ಟಿ ಹೆಚ್ಚಿಗಿ ಬಡೀತೀನಿ."

ಐತಪ್ಪನ ಚಾಕರಿ ಮುಗಿಯಲು ಒಂದು ತಿಂಗಳಿದೆ ಎನ್ನುವಾಗ ಬಾಳವ್ವ ತೀರಿಕೊಂಡಳು. ಹೆಣ ಹಳ್ಳದ ದಂಡೆಯಲ್ಲೇ ಹಾದುಹೋಯಿತು, ಅವನು ಬಂಡೆಯ ಮೇಲೆ ನಿಂತು ನೋಡಿದ. ಆದರೂ ಬೆಲ್ಟು ಬಿಚ್ಚಿದ ದಿನ ಅವಳ ಮನೆಗೇ ನಡೆದ. ಹೊಸ್ತಿಲಲ್ಲಿ ನಿಂತು, ಅವ್ವಾ, ಹಸಿವು ಎಂದನಂತೆ.

ಫಕೀರಪ್ಪ ಒಳಗೆ ಹೋಗಿ ನೆಲುವಿನ ಬುಟ್ಟಿ ಇಳಿಸಿದ. ಬಾಳವ್ವ ಕೊನೆಯದಾಗಿ ಬಡಿದ ಖಡಕ್ ರೊಟ್ಟಿ ಒಂದಿತ್ತು. ಐತಪ್ಪ ಚಿಟಿಕೆ ಉಪ್ಪು ಹಚ್ಚಿಕೊಂಡು ಅದನ್ನು ಚೂರೂ ಬಿಡದೆ ತಿಂದ. ಆಮೇಲೆ ಎದ್ದು ನೀರು ಹರಿಯುವ ದಿಕ್ಕಿಗೆ ಹೋದನಂತೆ. ಮತ್ತೆ ಅವನನ್ನು ಕಂಡವರಿಲ್ಲ.

ಇವತ್ತಿಗೂ ಎರಡು ದಡದ ಮನೆಗಳಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಬಡಿದು ನೆಲುವಿನಲ್ಲಿಡುತ್ತಾರೆ. ಚೌಕಿಯವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ವರ್ಗವಾಗಿ ಹೊರಟ ದಿನ ಅವನು ಬೆಲ್ಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಂಡೆ ಇಳಿಯುತ್ತಾನೆ. ಯಾರ ಮನೆಯ ಮುಂದೆ ನಿಂತು ಅವ್ವಾ, ಹಸಿವು ಎನ್ನುತ್ತಾನೋ, ಆ ಮನೆಯವರು ಬುಟ್ಟಿ ಇಳಿಸುತ್ತಾರೆ.