ಜೋಳಿಗೆಯಲ್ಲಿ ನಾಲ್ಕು ಮೊಟ್ಟೆ

ಹೊಳೆದಂಡೆಯ ಆಶ್ರಮದಲ್ಲಿ ಗುಬ್ಬಿಗಳಿಗಾಗಿ ಕಟ್ಟಿದ ಹನ್ನೆರಡು ಕೋಣೆಗಳ ಮನೆಗೆ ಒಂದು ಗುಬ್ಬಿಯೂ ಬಂದಿಲ್ಲವೆಂಬುದು ಭಾನುವಾರ ಸಂಜೆ ಖಚಿತವಾಯಿತು. ಸಾವುನೋವಿನ ವರದಿಯಿಲ್ಲ.

ಕಟ್ಟಿದವನು ಶಿಷ್ಯ ಸೋಮಲಿಂಗ. ಹಲಸಿನ ಹಲಗೆ, ಸುಣ್ಣದ ಬಿಳುಪು, ಬೆಕ್ಕು ಹತ್ತದಂತೆ ಕಂಬಕ್ಕೆ ತಗಡಿನ ಪಟ್ಟಿ. ಪ್ರತಿ ಬಾಗಿಲ ಮೇಲೂ ‘ಸುಸ್ವಾಗತ’ ಎಂದು ಬರೆದಿದ್ದ. ವಾರವಿಡೀ ಜಗಲಿಯ ಗೋಡೆಗೆ ಬೆನ್ನು ಮಾಡಿ ನಿಂತು ಆ ಬಾಗಿಲುಗಳನ್ನೇ ನೋಡಿದ್ದ.

ಗುಬ್ಬಿಗಳಿಗೆ ಓದು ಬರುವುದಿಲ್ಲ, ಅದಕ್ಕೇ ಸಂಕೋಚಪಡುತ್ತಿರಬೇಕು ಎಂದು ಅಡುಗೆಯ ನೀಲವ್ವ ಹೇಳಿದ್ದಳು.

ಸೋಮವಾರ ಬೆಳಿಗ್ಗೆ ಸೋಮಲಿಂಗ ಗೋಡೆಯ ಕಡೆ ತಿರುಗಿದ. ಮೊಳೆಗೆ ತೂಗುಹಾಕಿದ್ದ ತನ್ನ ಜೋಳಿಗೆಗೆ ಕೈ ಚಾಚಿದ. ಒಳಗಿಂದ ಗುಬ್ಬಿಯೊಂದು ಪುರ್ರನೆ ಹಾರಿತು.

ಜೋಳಿಗೆಯಲ್ಲಿ ಒಣಹುಲ್ಲು, ನೀಲವ್ವನ ಹಳೆ ಸೀರೆಯ ದಾರ, ನಾಲ್ಕು ಮೊಟ್ಟೆ.

ದೀಕ್ಷೆ ಬೇಡುವವನು ಹನ್ನೆರಡು ಸೋಮವಾರ ಬಿಡದೆ ಊರಿಗೆ ಭಿಕ್ಷೆಗೆ ಹೋಗಬೇಕೆಂಬುದು ಆಶ್ರಮದ ಕಟ್ಟಳೆ. ಗುರು ಕೊಟ್ಟ ಜೋಳಿಗೆಯಲ್ಲೇ ತರಬೇಕು. ಬಿಸಿಲು ಹೊಳೆಯ ಮೂರನೆಯ ಮೆಟ್ಟಿಲಿಗೆ ಇಳಿಯುವುದರೊಳಗೆ ಹೊರಡಬೇಕು. ಒಂದು ವಾರ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ.

ಅಂದು ಹನ್ನೆರಡನೆಯ ಸೋಮವಾರ.

ಗುರು ಅಡವಯ್ಯನವರಿಗೆ ಎಂಬತ್ತೊಂದು ವರ್ಷ. ಮರುದಿನ ಮೌನಕ್ಕೆ ಕೂರುವವರಿದ್ದರು. ಎಂದು ಏಳುತ್ತಾರೆ, ಏಳುತ್ತಾರೋ ಇಲ್ಲವೋ, ಯಾರೂ ಕೇಳಿರಲಿಲ್ಲ.

ಬಿಸಿಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು.

ಸೋಮಲಿಂಗ ಜಗಲಿಯ ತುದಿಯಲ್ಲಿ ಕೂತಿದ್ದ ಗುರುಗಳ ಬಳಿ ಹೋಗಿ, ಈ ಒಂದು ದಿನಕ್ಕೆ ಬೇರೆ ಜೋಳಿಗೆ ಕೊಡಿಸಬೇಕೆಂದು ಬೇಡಿಕೊಂಡ.

“ನಿನ್ನದು ಹರಿದಿದೆಯಾ?”

“ಇಲ್ಲ, ಬುದ್ಧಿ. ಗುಬ್ಬಿ ಮೊಟ್ಟೆಯಿಟ್ಟಿದೆ.”

“ಹಾಗಾದರೆ ಚೆನ್ನಾಗಿಯೇ ಇದೆ,” ಎಂದರು ಗುರುಗಳು.

ಬೇರೆ ಜೋಳಿಗೆಯ ಮಾತು ಅಲ್ಲಿಗೇ ಮುಗಿಯಿತು.

ಸೋಮಲಿಂಗ ಏಣಿ ತಂದ. ಹುಲ್ಲನ್ನೂ ಮೊಟ್ಟೆಗಳನ್ನೂ ಎರಡು ಕೈಯಲ್ಲಿ ಎತ್ತಿ, ಗುಬ್ಬಿಮನೆಯ ಮೂಡಣ ಕೋಣೆಯಲ್ಲಿಟ್ಟ. ಅಲ್ಲಿ ಗಾಳಿ ಚೆನ್ನಾಗಿತ್ತು. ನಂತರ ಜೋಳಿಗೆ ಕೊಡವಿ ಹೆಗಲಿಗೆ ಹಾಕಿಕೊಂಡು ಆಶ್ರಮದ ಬಾಗಿಲವರೆಗೆ ಹೋದ.

ಅಲ್ಲೇ ನಿಂತ.

ಗುಬ್ಬಿ ಬಾಯಲ್ಲಿ ಗರಿ ಕಚ್ಚಿಕೊಂಡು ಬಂತು. ಜೋಳಿಗೆಯಿದ್ದ ಜಾಗದಲ್ಲಿ ಎರಡು ಸುತ್ತು ಹಾಕಿತು. ಖಾಲಿ ಮೊಳೆಯ ಮೇಲೆ ಕೂತಿತು.

ಬಿಸಿಲು ಎರಡನೆಯ ಮೆಟ್ಟಿಲಿಗೆ ಇಳಿಯಿತು.

“ಬುದ್ಧಿ, ಪಕ್ಕದಲ್ಲೇ ಮನೆಯಿದೆಯಲ್ಲ. ಹನ್ನೆರಡು ಕೋಣೆ. ಯಾಕೆ ಹೋಗುವುದಿಲ್ಲ ಅದು?”

“ಊರಲ್ಲಿ ನಿಮ್ಮಪ್ಪನ ಮನೆ ಎಷ್ಟು ಅಂಕಣ?”

“ಏಳು.”

“ಇಲ್ಲಿ ಯಾವುದರ ಮೇಲೆ ಮಲಗುತ್ತೀ?”

“ಗೋಣಿತಾಟಿನ ಮೇಲೆ. ಅದು ಬೇರೆ, ಬುದ್ಧಿ.”

“ಗುಬ್ಬಿಗೂ ಬೇರೆ.”

ಗರಿ ಗುಬ್ಬಿಯ ಬಾಯಿಂದ ಕೆಳಗೆ ಬಿತ್ತು. ಅದು ಹೆಕ್ಕಿಕೊಳ್ಳಲಿಲ್ಲ.

ಹೊರಡುವುದಾದರೆ ಈಗಲೇ ಹೊರಡು, ಇಲ್ಲವಾದರೆ ಬಾಗಿಲು ಬಿಡು, ನಾನು ನೀರು ತರಬೇಕು ಎಂದು ನೀಲವ್ವ ಕೊಡ ಹಿಡಿದು ನಿಂತಳು.

ಸೋಮಲಿಂಗ ಮೆಟ್ಟಿಲು ನೋಡಿದ. ಎರಡನೆಯ ಮೆಟ್ಟಿಲಿನ ಅಂಚಿನಲ್ಲಿ ನಾಲ್ಕು ಬೆರಳಗಲ ನೆರಳು ಉಳಿದಿತ್ತು. ಊರಿನ ದಾರಿ ಎದುರಿಗೇ ಇತ್ತು. ಒಂದು ಹೆಜ್ಜೆ ಇಟ್ಟರೆ ಹೊರಟಂತೆಯೇ ಲೆಕ್ಕ.

ಅವನು ಬಾಗಿಲು ಬಿಟ್ಟ.

ಏಣಿ ಹತ್ತಿದ. ಮೊಟ್ಟೆಗಳನ್ನು ಮುಟ್ಟಿದಾಗ ಬೆಚ್ಚಗಿರಲಿಲ್ಲ. ಹುಲ್ಲಿನ ಸಮೇತ ಜೋಳಿಗೆಗೆ ಇಳಿಸಿ, ಅದೇ ಮೊಳೆಗೆ, ಮೊದಲಿನ ಎತ್ತರಕ್ಕೇ ತೂಗುಹಾಕಿದ. ಗುಬ್ಬಿ ಸೂರಿನ ಮೇಲೆ ಹೋಗಿ ಕೂತಿತು.

ಅಷ್ಟರಲ್ಲಿ ಬಿಸಿಲು ಮೂರನೆಯ ಮೆಟ್ಟಿಲ ಮೇಲಿತ್ತು.

ಅವನು ಗುರುಗಳ ಪಕ್ಕ ಕೂತು ಜೋಳಿಗೆಯನ್ನೇ ನೋಡತೊಡಗಿದ. ಗುರುಗಳು ಅವನ ಗಲ್ಲ ಹಿಡಿದು ಮುಖವನ್ನು ಹೊಳೆಯ ಕಡೆಗೆ ತಿರುಗಿಸಿದರು.

“ಬರುತ್ತದಾ, ಬುದ್ಧಿ?”

“ಗೊತ್ತಿಲ್ಲ.”

ಇಬ್ಬರೂ ಹೊಳೆ ನೋಡುತ್ತ ಕೂತರು. ಬಿಸಿಲು ನಾಲ್ಕನೆಯ ಮೆಟ್ಟಿಲಿಗೆ ಬಂತು, ಐದನೆಯದಕ್ಕೂ ಬಂತು. ಹಿಂದೆ ಏನೋ ಪಟಪಟ ಎಂದಿತು. ಸೋಮಲಿಂಗನ ಕತ್ತು ಅತ್ತ ವಾಲಿತು.

“ತಿರುಗಬೇಡ,” ಎಂದರು ಗುರುಗಳು.

ಅವನು ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ನೀಲವ್ವ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತಿ ಬಂದಳು. ಗೋಡೆಯ ಕಡೆ ನೋಡಿ, ಜೋಳಿಗೆಯಿಂದ ಬಾಲ ಹೊರಗೆ ಕಾಣುತ್ತಿದೆ, ಕೊಕ್ಕು ಒಳಗಿದೆ, ಇನ್ನಾದರೂ ಇಬ್ಬರೂ ಉಣ್ಣಲು ಏಳಬಹುದು ಎಂದಳು.

“ಬುದ್ಧಿ, ನನ್ನ ದೀಕ್ಷೆ?”

“ಹನ್ನೊಂದು ಸೋಮವಾರ ಆಯಿತು. ಹನ್ನೆರಡಾಗಲಿಲ್ಲ.”

ಮರುದಿನ ಗುರುಗಳು ಮೌನಕ್ಕೆ ಕೂತರು.

ಮಳೆಗಾಲ ಬಂತು, ಹೋಯಿತು. ಹೊಳೆ ಆರು ಮೆಟ್ಟಿಲು ನುಂಗಿ ಹಿಂದಕ್ಕೆ ಸರಿಯಿತು. ಮಾತಾಡದ ಗುರುಗಳಿಗೆ ಸೋಮಲಿಂಗ ದಿನವೂ ಗಂಜಿ ಇಟ್ಟು ಬಂದ. ಒಂದು ವಾರ ಅವರು ಗಂಜಿಯನ್ನೂ ಮುಟ್ಟಲಿಲ್ಲ. ಆ ವಾರ ನೀಲವ್ವನೂ ತಮಾಷೆ ಮಾಡಲಿಲ್ಲ. ಹನ್ನೆರಡು ಕೋಣೆಗಳ ಪೈಕಿ ಒಂದರಲ್ಲಿ ಓತಿಕ್ಯಾತ ನೆಲೆಸಿತು.

ಏಳು ತಿಂಗಳ ಮೇಲೆ ಒಂದು ಬೆಳಿಗ್ಗೆ ಗುರುಗಳು ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಮೊಳೆಯನ್ನೂ ಅದರಲ್ಲಿ ತೂಗುತ್ತಿದ್ದ ಜೋಳಿಗೆಯನ್ನೂ ನೋಡಿದರು.

“ಎಷ್ಟು ಹಾರಿದವು?”

“ಮೂರು, ಬುದ್ಧಿ.” ಸೋಮಲಿಂಗ ನೆಲ ನೋಡಿದ. “ಒಂದು ಮೊಟ್ಟೆ ಒಡೆಯಲಿಲ್ಲ.”

“ಈಗ ಯಾರಿದ್ದಾರೆ ಒಳಗೆ?”

“ಯಾರೂ ಇಲ್ಲ. ಹುಲ್ಲಷ್ಟೇ.”

ಗುರುಗಳು ಹೊಳೆಯ ಕಡೆ ನೋಡಿದರು. ಬಿಸಿಲು ಮೊದಲ ಮೆಟ್ಟಿಲ ಮೇಲಿತ್ತು.

“ಕೊಡವಿಕೊಂಡು ಹೊರಡು. ಇವತ್ತು ಸೋಮವಾರ, ಒಂದನೆಯದು.”