ಮುಕ್ಕಾಲಿ, ಮಣೆ ಮತ್ತು ಹೊನ್ನಾಜಿಯ ಮೂರನೇ ಒಗಟು

ಕಲ್ಬಾವಿ ಪಟ್ಟಣದ ಬೀದಿಬೀದಿಯಲ್ಲಿ ಡಂಗುರ ಬಿತ್ತು. "ಕೇಳಿರಪ್ಪ, ತಿಮ್ಮರಾಜ ದೊರೆಯ ಅಪ್ಪಣೆ. ದೊರೆಮಗಳು ಹೊನ್ನಾಜಿಗೆ ಕೆರೆಯಾಚೆ ಹೊಸಮನೆ ಕಟ್ಟಿಸಿದ್ದಾಗಿದೆ. ಅವಳು ಕೇಳುವ ಮೂರು ಒಗಟು ಬಿಡಿಸಿದವನು ಅವಳ ಕೈಹಿಡಿದು ಆ ಮನೆಗೆ ಕಾಲಿಡಬಹುದು. ತಪ್ಪು ಹೇಳಿದವನು ಸೆರೆಗೆ. ಅಮಾವಾಸ್ಯೆ ದಿನ ಅವನ ತಲೆ ಹೋಗುತ್ತದೆ."

ಈ ತಲೆಯ ಮಾತು ದೊರೆಯದಲ್ಲ, ಹೊನ್ನಾಜಿಯದು. ಹೆದರಿ ಯಾರೂ ಬರದಿರಲಿ ಎಂದೇ ಹಟ ಹಿಡಿದು ಸೇರಿಸಿದ್ದಳು. ಅವಳ ಸಂಕಟ ಮದುವೆಯದಲ್ಲ, ಚಿಕ್ಕಮ್ಮನದು. ಹೆತ್ತತಾಯಿ ತೀರಿಕೊಂಡ ಮೇಲೆ ದೊರೆ ಮುದ್ದಾಜಿಯನ್ನು ಮದುವೆಯಾಗಿದ್ದ. ಅಪ್ಪ ಊಟಕ್ಕೆ ಕೂತರೆ ಬಡಿಸುವವಳು ಚಿಕ್ಕಮ್ಮ, ಎದ್ದರೆ ವೀಳ್ಯದೆಲೆ ಮಡಿಸಿ ಕೊಡುವವಳು ಚಿಕ್ಕಮ್ಮ. ಅದನ್ನು ನೋಡಿ ನೋಡಿ ಹುಡುಗಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಈಗ ನೋಡಿದರೆ ಹೊಸಮನೆಗೆಂದು ಚಿಕ್ಕಮ್ಮ ಗಾಡಿ ತುಂಬ ಹೊಸ ನಮೂನೆಯ ಸ್ಟೂಲು ತರಿಸಿದ್ದಳು. ನಾಲ್ಕು ಕಾಲಿನವು, ಬಣ್ಣ ಹಚ್ಚಿದವು, ಮೇಲೆ ಮಖಮಲ್ಲಿನ ಮೆತ್ತೆ. ಅಮ್ಮನ ಕಾಲದ ಹಲಸಿನ ಮರದ ಮುಕ್ಕಾಲಿಗಳು, ಮಣೆಗಳು ಹಿತ್ತಿಲ ಕೋಣೆಯಲ್ಲಿದ್ದವು. ಹಳೆಯದೋ ಹೊಸದೋ, ನಿನಗೆ ಬೇಕಾದ್ದು ಆರಿಸಿಕೋ ಮಗಳೇ ಎಂದು ಚಿಕ್ಕಮ್ಮ ಹೇಳಿಕಳಿಸಿದಳು. ನನ್ನನ್ನು ಮನೆಯಿಂದ ಆಚೆ ಹಾಕುವುದಕ್ಕೆ ಇಷ್ಟು ಸಡಗರವೇ ಎಂದು ಹೊನ್ನಾಜಿ ಹಲ್ಲು ಕಚ್ಚಿದಳು. ಒಗಟುಗಳನ್ನು ಆ ಕಿಚ್ಚಿನಲ್ಲೇ ಹೆಣೆದಳು.

ಅಷ್ಟಾದರೂ ಇಬ್ಬರು ಬಂದರು. ಮೊದಲನೆಯವನು ಪಕ್ಕದ ಸೀಮೆಯ ಪಾಳೇಗಾರನ ಮಗ. ಅವನಿಗೆ ಹೊನ್ನಾಜಿ ಕೇಳಿದಳು: "ನನ್ನ ಹೊಸಮನೆಯ ಅಂಗಳ ಒರಟು ಚಪ್ಪಡಿಯದು, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅಲ್ಲಿಗೆ ಇಬ್ಬರು ಬಂದರು. ಒಬ್ಬಳಿಗೆ ಕಾಲು ಜಾಸ್ತಿ, ಮೈತುಂಬ ಸಿಂಗಾರ, ಆದರೂ ಕುಡಿದವಳ ಹಾಗೆ ಓಲಾಡುತ್ತಾಳೆ. ಇನ್ನೊಬ್ಬಳಿಗೆ ಒಂದು ಕಾಲು ಕಡಿಮೆ, ಮೈ ಬರಿದು, ಆದರೂ ಅಲುಗುವುದಿಲ್ಲ. ಆ ಎರಡನೆಯವಳು ಯಾರು?"

ಅವನು ಮೀಸೆ ತಿರುವಿ, ಕೋಲೂರಿದ ಮುದುಕಿ ಎಂದ. ಭಟರು ರಟ್ಟೆ ಹಿಡಿದು ಕರೆದುಕೊಂಡು ಹೋದರು.

ಎರಡನೆಯವನು ಮಂತ್ರಿಯ ಮಗ. ಅವನಿಗೆ ಬೇರೆ ಒಗಟು. "ದಿನಾ ಎಲ್ಲರ ಕೆಳಗೆ ಬಿದ್ದಿರುತ್ತಾಳೆ. ಒಂದು ದಿನ ಮಾತ್ರ ಮೈಗೆ ಸಿಂಗಾರ ಮಾಡಿ ನಡುಮನೆಗೆ ಕರೆತರುತ್ತಾರೆ. ಅವತ್ತು ಅವಳು ಹೊತ್ತವರಿಗೆ ಊರೆಲ್ಲ ಅಕ್ಕಿಕಾಳು ಹಾಕುತ್ತದೆ. ಮಾರನೇ ದಿನ ಮತ್ತೆ ಅಡಿಗೆಮನೆಯ ಗೋಡೆಗೆ ಒರಗುತ್ತಾಳೆ. ಯಾರವಳು?"

ಮೆರವಣಿಗೆಯ ಕುದುರೆ ಎಂದ ಅವನು. ಕುದುರೆಯನ್ನು ನಿಮ್ಮ ಅಡಿಗೆಮನೆಯಲ್ಲಿ ಕಟ್ಟುತ್ತೀರಾ ಎಂದು ಯಾರೋ ನಕ್ಕರು. ಅವನೂ ಸೆರೆಗೆ ಹೋದ.

ಆಗ ಸಭೆಗೆ ನೀರು ಕೊಡುತ್ತಿದ್ದ ಚೌಡ ಕೊಡ ಇಳಿಸಿ ಮುಂದೆ ಬಂದ. ಬಾವಿಯಿಂದ ಮನೆಮನೆಗೆ ನೀರು ಹೊತ್ತು ಬದುಕುವವನು. ನಿನಗೇಕಪ್ಪ ಈ ಉಸಾಬರಿ ಎಂದು ದೊರೆ ಕೇಳಿದ.

"ಆ ಇಬ್ಬರ ಜೊತೆ ಬಂದ ಅವ್ವಂದಿರು ಬಾಗಿಲಲ್ಲಿ ಅಳ್ತಾ ಕೂತವ್ರೆ ಬುದ್ಧೀ. ನೀರು ಕೊಟ್ರೂ ಕುಡೀಲಿಲ್ಲ. ನಾನು ಗೆದ್ರೆ ಅವರ ಮಕ್ಕಳನ್ನ ಬಿಡಿಸಿಕೊಡಿ ಅಂತ ಕೇಳಬೌದಲ್ಲ."

ಆಮೇಲೆ ಹೊನ್ನಾಜಿಯ ಕಡೆ ತಿರುಗಿದ. ಮೊದಲನೆಯದು ಮುಕ್ಕಾಲಿ ಎಂದ. ನೆಲ ಹೇಗಿದ್ದರೂ ಮೂರು ಕಾಲೂ ಊರುತ್ತವೆ, ನಾಲ್ಕು ಕಾಲಿದ್ದರೆ ಒಂದು ಎತ್ತಿಕೊಳ್ಳುತ್ತದೆ. ಎರಡನೆಯದು ಮಣೆ. ರಂಗೋಲಿ ಬರೆದರೆ ಅದೇ ಹಸೆಮಣೆ. ಹೆಣ್ಣುಗಂಡು ಎದ್ದುಹೋದ ಮೇಲೆ ಅದರ ಮೇಲೆ ಕೂತು ಸೊಪ್ಪು ಸೋಸುತ್ತಾರೆ.

ಎರಡೂ ಸರಿ. ಸಭೆಯ ನಗು ನಿಂತಿತು. ಹೊನ್ನಾಜಿ ಕೊನೆಯದನ್ನು ದೊರೆಯ ಪಕ್ಕ ಕೂತಿದ್ದ ಚಿಕ್ಕಮ್ಮನ ಕಿವಿಗೆ ಬೀಳುವ ಹಾಗೆ ಗಟ್ಟಿಯಾಗಿ ಹೇಳಿದಳು.

"ಕರೆಯದೆ ಬಂದದ್ದು. ಮಣೆ ಹಾಕದಿದ್ದರೂ ಕೂತದ್ದು. ಕೂತು ಮಗಳ ಊಟ ತಿಂತು, ನಿದ್ದೆ ತಿಂತು, ಕಡೆಗೆ ಅಪ್ಪನನ್ನೂ ಅವಳಿಂದ ದೂರ ಮಾಡಿತು. ಏನದು?"

ಎಲ್ಲರಿಗೂ ಗೊತ್ತಾಯಿತು, ಎಲ್ಲರೂ ನೆಲ ನೋಡಿದರು. ಮುದ್ದಾಜಿಯ ಮುಖ ಬಿಳಿಚಿಕೊಂಡಿತು. ಹೊನ್ನಾಜಿಗೆ ಬೇಕಾದದ್ದು ಅದೇ. ಮಲತಾಯಿ ಎಂಬ ಮಾತು ತುಂಬಿದ ಸಭೆಯಲ್ಲಿ ಒಬ್ಬರ ಬಾಯಲ್ಲಿ ಬಂದರೆ ಸಾಕಿತ್ತು.

ಚೌಡ ಮಾತ್ರ, "ಹೊಟ್ಟೆಕಿಚ್ಚು" ಎಂದ.

ಹೊನ್ನಾಜಿ ಸರ್ರನೆ ಅವನ ಕಡೆ ತಿರುಗಿದಳು.

"ನಮ್ಮಪ್ಪನೂ ಚಿಕ್ಕವ್ವನ್ನ ತಂದಿದ್ದ ಅಮ್ಮಣ್ಣಿ. ಊರಿಗೆಲ್ಲ ನೀರು ಹೊತ್ತು ಅವಳ ಹಂಡೆ ಒಂದನ್ನ ಖಾಲಿ ಬಿಡ್ತಿದ್ದೆ. ಅವಳು ಪಾಪ ತಾನೇ ಬಾವಿಗೆ ಹೋಗ್ತಿದ್ಲು. ಆದ್ರೂ ನಂಗೆ ನಿದ್ದೆ ಬರ್ತಿರಲಿಲ್ಲ. ನನ್ನ ನಿದ್ದೆ ತಿಂದದ್ದು ಅವಳಲ್ಲ."

ಸರಿಯೋ ತಪ್ಪೋ ಹೇಳು ಮಗಳೇ ಎಂದ ದೊರೆ. ಹೊನ್ನಾಜಿ ಇಟ್ಟುಕೊಂಡ ಉತ್ತರ ಅವಳೊಬ್ಬಳಿಗೇ ಗೊತ್ತು. ತಪ್ಪು ಎಂದರೆ ಮುಗಿಯಿತು, ಚೌಡನ ತಲೆ ಹೋಗುತ್ತಿತ್ತು, ಕೇಳುವವರು ಯಾರು? ಅವಳು ಚಿಕ್ಕಮ್ಮನನ್ನು ನೋಡಿದಳು. ಮುದ್ದಾಜಿ ಸೆರಗಿನ ತುದಿಯನ್ನು ಹಿಂಡುತ್ತ ಕೂತಿದ್ದಳು. ತನಗಿಂತ ನಾಲ್ಕೈದು ವರ್ಷ ದೊಡ್ಡವಳು, ಅಷ್ಟೇ. ಇಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲ.

"ಸರಿ ಅಪ್ಪಾಜಿ," ಎಂದಳು ಹೊನ್ನಾಜಿ. "ನಾನು ಬೇರೆ ಉತ್ತರ ಇಟ್ಟುಕೊಂಡಿದ್ದೆ. ಅದೇ ತಪ್ಪು. ತಪ್ಪು ಹೇಳಿದವರ ತಲೆ ತೆಗೆಯುವುದಾದರೆ ಮೊದಲು ನನ್ನದು ಹೋಗಬೇಕು."

ದೊರೆಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸೆರೆಯ ಬಾಗಿಲು ತೆಗೆಸಿದ. ಅವ್ವಂದಿರು ಮಕ್ಕಳ ಕಿವಿ ಹಿಂಡಿಕೊಂಡೇ ಮನೆಗೆ ಕರೆದೊಯ್ದರು.

ಚೌಡನಿಗೂ ಹೊನ್ನಾಜಿಗೂ ಮದುವೆಯಾಯಿತು. ಹೊಸಮನೆಯ ಅಂಗಳಕ್ಕೆ ಮುಕ್ಕಾಲಿ ಬಂತು, ಅಡಿಗೆಮನೆಗೆ ಮಣೆ. ನುಣ್ಣನೆ ಗಾರೆಯ ನಡುಮನೆಗೆ ಚಿಕ್ಕಮ್ಮನ ಸ್ಟೂಲು, ಅಲ್ಲಿ ಅವು ಓಲಾಡಲಿಲ್ಲ.

ಕಿಚ್ಚು ಪೂರ್ತಿ ಹೋಯಿತೇ ಅಂದರೆ, ಎಲ್ಲಿ ಹೋಗುತ್ತದೆ? ಚಿಕ್ಕಮ್ಮ ಅಪ್ಪನಿಗೆ ಎಲೆ ಮಡಿಸುವುದು ಕಂಡರೆ ಹೊನ್ನಾಜಿಗೆ ಎದೆ ಚುರ್ ಅನ್ನುತ್ತಿತ್ತು. ಬಂದೆಯಾ, ಬಾಗಿಲಲ್ಲೇ ಇರು ಎಂದು ಆ ಕಿಚ್ಚಿಗೆ ಹೇಳುತ್ತಿದ್ದಳು. ಅದು ನಿಂತು ನಿಂತು ಕಾಲು ಸೋತು ತಾನೇ ಹೊರಟುಹೋಗುತ್ತಿತ್ತು.