ಒಡೆಯರ ಹೊಟ್ಟೆಯ ಹುಂಜ

"ಹುಂಜದ ಹುರಿದ ಬಾಡು ತಿನ್ನುವುದರಲ್ಲಿ ನನ್ನನ್ನು ಮೀರಿಸುವ ಗಂಡು ಈ ಸೀಮೆಯಲ್ಲಿ ಹುಟ್ಟಿಲ್ಲ," ಎಂದ ಹೊನ್ನಗಟ್ಟದ ಪಾಳೇಗಾರ ಬೈರಪ್ಪನಾಯಕ, ಎಲುಬು ಚೀಪುತ್ತ.

ಹುಟ್ಟಿದ್ದರೂ ತಿನ್ನಲು ಹುಂಜ ಎಲ್ಲಿತ್ತು? ಕೋಟೆಯೊಳಗಿನ ಮನೆಮನೆಯ ಹುಂಜವೂ ಒಡೆಯರ ಬಾಣಲೆ ಸೇರಿತ್ತು. ಸಾಕಿದವರು ಮುದ್ದೆ ತಿಂದರು, ಸಾಕದವನು ಹುಂಜ ತಿಂದ. ಆಸ್ಥಾನದಲ್ಲಿ ಇದನ್ನು ರಾಜಭೋಗ ಎನ್ನುತ್ತಿದ್ದರು. ಬೇರೆ ಯಾರಾದರೂ ಮಾಡಿದ್ದರೆ ಕಳ್ಳತನ ಎನ್ನುತ್ತಿದ್ದರು.

"ಇನ್ನು ಉಳಿದದ್ದು ಒಂದೇ, ಒಡೆಯಾ. ಅಡುಗೆಯ ಮುದ್ದಕ್ಕನ ಕೆಂಪು ಹುಂಜ," ಎಂದ ಪಾರುಪತ್ಯಗಾರ.

"ನಾಳೆ ಸಂಜೆಗೆ ಅದನ್ನೂ ಹುರಿಯಲಿ. ನಾಡಿದ್ದು ಬೆಳಗ್ಗೆ ಮಗನಿಗೆ ಹೆಣ್ಣು ಕೊಡುವ ಬೀಗರು ಬರುತ್ತಾರೆ. ಅವರಿಗೂ ಬಡಿಸಬೇಕಾದೀತು. ಅಷ್ಟರೊಳಗೆ ಮುಗಿಸಿಬಿಡೋಣ."

ಊಟದ ಹೊತ್ತಿಗೆ ಒಡೆಯರನ್ನು ನಗಿಸುವುದು ಗವಿಯನ ಕೆಲಸ. ಅವತ್ತು ಅವನಿಗೇ ನಗು ಬರಲಿಲ್ಲ.

"ಆಮೇಲೆ ಬೆಳಗ್ಗೆ ಕೂಗುವವರು ಯಾರು, ಒಡೆಯಾ?"

"ಕೂಗು ಯಾರಿಗೆ ಬೇಕೋ? ನನಗೆ ಬೇಕಾದ್ದು ತೊಡೆ."

ಗವಿಯ ಹೊರಗೆ ಬಂದಾಗ ಮುದ್ದಕ್ಕ ಹಿತ್ತಿಲಲ್ಲಿ ಕಾದಿದ್ದಳು. ಗಂಡ ಸತ್ತ ಮೇಲೆ ಕೋಳಿಮರಿ ಮಾರಿ ಬದುಕಿದವಳು.

"ಗವಿಯಣ್ಣಾ, ಹುಂಜ ಹೋದರೆ ಮರಿ ಎಲ್ಲಿಂದ ಬರ್ತವೆ? ಮರಿ ಇಲ್ಲದೆ ನಾನು ಏನು ಉಣ್ಣಲಿ? ನನ್ನ ಹುಂಜಾನ ನನ್ನ ಕೈಲೇ ಹುರಿಸ್ತಾನಲ್ಲ, ಇವನ ನಾಲಿಗೆಗೆ ಹುಳ ಬೀಳ!"

"ಮೊಟ್ಟೆ ನಿಲ್ಲಿಸಿದ ಹೇಂಟೆ ಇದೆಯೇನಕ್ಕಾ?"

"ಒಂದಿದೆ. ಕಲ್ಲಿನಂಥದು."

"ಅದನ್ನು ಹುರಿ. ಹುಂಜದ ಮೇಲೆ ಮಂಕರಿ ಕವುಚಿ, ಅದಕ್ಕೆ ಕಂಬಳಿ ಹೊದಿಸಿಡು. ಕತ್ತಲಲ್ಲಿದ್ದರೆ ಬೆಳಗಾದದ್ದು ಅದಕ್ಕೆ ತಿಳಿಯುವುದಿಲ್ಲ."

"ಒಡೆಯನಿಗೆ ತಿಳಿದರೆ?"

"ನೀನು ಹುರಿದದ್ದನ್ನು ಅವನು ಅಗಿದು ನೋಡಿದ್ದುಂಟೇನಕ್ಕಾ? ನುಂಗುತ್ತಾನೆ."

ಮುದ್ದಕ್ಕ ಹೇಂಟೆಯ ಪುಕ್ಕ ತರಿದು, ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಸಿನ ಹಚ್ಚಿ ತೊಳೆದಳು. ಎಳೆಯ ಹುಂಜವಾಗಿದ್ದರೆ ಒಂದು ತೊಟ್ಟು ನೀರೂ ಬೇಡ, ತಾನೇ ಬಿಟ್ಟುಕೊಂಡ ನೀರಲ್ಲೇ ಬೇಯುತ್ತದೆ. ಇದು ಮುದಿ. ನೀರೆರೆದು, ಉಪ್ಪು ಹಾಕಿ, ಮೂಳೆ ಬಿಡುವ ತನಕ ಬೇಯಿಸಿದಳು. ನೀರು ಇಂಗಿ ಕೊಬ್ಬು ಚುರುಗುಟ್ಟತೊಡಗಿದಾಗ ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಆಗಷ್ಟೇ ಕುಟ್ಟಿದ ಮೆಣಸು, ಕೊತ್ತಂಬರಿಬೀಜ ಹಾಕಿ ಸಣ್ಣ ಉರಿಯಲ್ಲಿ ಹುರಿದಳು. ಕಡೆಗೆ ಕೊಬ್ಬರಿ ಚೂರು. ತಳ ಹಿಡಿಯುವ ಮೊದಲು ಇಳಿಸಿದಳು. ಸಿಟ್ಟಿನಲ್ಲಿ ಮೆಣಸು ಒಂದು ಹಿಡಿ ಹೆಚ್ಚೇ ಬಿದ್ದಿತ್ತು.

ಒಡೆಯ ಬೆವರು ಒರೆಸಿಕೊಳ್ಳುತ್ತ ತಿಂದ. "ಹುಂಜ ಅಂದರೆ ಇದಪ್ಪ! ಹೇಂಟೆಗೆ ಈ ಗತ್ತು ಎಲ್ಲಿಂದ ಬರಬೇಕು?"

"ನಿಜ, ಒಡೆಯಾ," ಎಂದ ಗವಿಯ.

ಮರುದಿನ ಬಿಸಿಲೇರಿತು. ಬೀಗರು ಬಂದು ಕೋಟೆಯ ಹೊರಗೆ ಒಣಗುತ್ತ ನಿಂತಿದ್ದರು. ಬಾಗಿಲು ತೆರೆದಿರಲಿಲ್ಲ.

ಒಡೆಯ ಓಡಿ ಬಂದ. "ಲೋ ಕರಿಬೋರಾ, ತೆಗೆಯೋ ಬಾಗಿಲು!"

ಬಾಗಿಲು ಕಾಯುವ ಕರಿಬೋರ ಅಲ್ಲಾಡಲಿಲ್ಲ. "ಹುಂಜ ಕೂಗಿಲ್ಲ, ಒಡೆಯಾ. ಹುಂಜ ಕೂಗದೆ ಬಾಗಿಲು ತೆಗೆಯಬೇಡ, ನಾನೇ ಬಂದು ಹೇಳಿದರೂ ತೆಗೆಯಬೇಡ ಅಂತ ತಮ್ಮದೇ ಕಟ್ಟಳೆ. ತಮ್ಮ ಮಾತು ಕೇಳಿ ತೆಗೆದ ನಮ್ಮಣ್ಣನ ಕೈ ಕಡಿಸಿದವರೂ ತಾವೇ."

ಒಡೆಯ ಹಿಂದೆಯೇ ಬಂದಿದ್ದ ಗವಿಯನ ಕಡೆ ತಿರುಗಿದ. "ಯಾರಾದರೂ ಕೂಗ್ರೋ!"

"ನಾವು ಕೂಗಿದರೆ ಸುಳ್ಳು ಕೂಗು. ಊರಿನ ಹುಂಜಗಳೆಲ್ಲ ತಮ್ಮ ಹೊಟ್ಟೆಯಲ್ಲಿವೆ. ಕೂಗು ಅಲ್ಲಿಂದಲೇ ಬರಬೇಕು, ಒಡೆಯಾ."

ಹೊರಗಿನಿಂದ ಬೀಗರ ದನಿ ಕೇಳಿತು: "ಗಾಡಿ ತಿರುಗಿಸ್ರಪ್ಪಾ, ಇವರಿಗೆ ಸಂಬಂಧ ಬೇಡವಂತೆ."

ಒಡೆಯ ಅತ್ತ ಇತ್ತ ನೋಡಿದ. ಕತ್ತು ನೀಡಿದ. "ಕೊಕ್ಕೊಕ್ಕೋ..." ಕೆಮ್ಮು ಬಂತು. ಮತ್ತೆ ಕೂಗಿದ.

"ಬೆಳಗಾಯ್ತು," ಎಂದು ಕರಿಬೋರ ಅಗಳಿ ಸರಿಸಿದ. ಬೀಗರು ಒಳಗೆ ಬಂದರು.

ಆಗ ಮುದ್ದಕ್ಕನ ಹಿತ್ತಿಲಿನಿಂದ, ಕಂಬಳಿಯ ಒಳಗಿನಿಂದ, ಗಂಟಲು ಬಿರಿಯುವಂತೆ ಉತ್ತರ ಬಂತು. ಒಂದು ಹುಂಜ ಕೂಗಿದರೆ ಇನ್ನೊಂದು ಸುಮ್ಮನಿರುವುದುಂಟೆ?

"ಅದು ಯಾವ ಹುಂಜ?"

"ಮುದ್ದಕ್ಕನದೇ, ಒಡೆಯಾ," ಎಂದ ಗವಿಯ.

"ಹಾಗಾದರೆ ನಿನ್ನೆ ನಾನು ತಿಂದದ್ದು?"

"ಮುದಿ ಹೇಂಟೆ. ಗತ್ತಿದೆ ಅಂತ ತಾವೇ ಹೊಗಳಿದಿರಿ."

"ಆ ಹುಂಜವನ್ನು ಈಗಲೇ ಬಾಣಲೆಗೆ ಹಾಕಿ! ಬೀಗರಿಗೂ ಬಡಿಸಿ!"

ಗವಿಯ ಕೈಮುಗಿದ. "ಹಾಕಬಹುದು. ಆದರೆ ತಾವು ಕರೆದಿರಿ, ಅದು ಓಗೊಟ್ಟಿತು. ಬೀಗರೂ ಕೇಳಿಸಿಕೊಂಡರು. ಅದು ತಮ್ಮನ್ನು ತನ್ನ ಕುಲಕ್ಕೆ ಸೇರಿಸಿಕೊಂಡಾಯಿತು. ಕುಲದವನನ್ನೇ ಹುರಿದು ತಿನ್ನುವ ಮನೆಗೆ ಯಾರು ಹೆಣ್ಣು ಕೊಡುತ್ತಾರೆ, ಒಡೆಯಾ?"

ಮೊದಲು ನಕ್ಕವರು ಬೀಗರು. ಆಮೇಲೆ ಒಡೆಯನೂ ನಗಬೇಕಾಯಿತು. ಯಾರ ಹುಂಜ ಅವರ ಮನೆಯಲ್ಲೇ ಕೂಗಲಿ ಎಂದು ಅವತ್ತೇ ಡಂಗುರ ಹೊಡೆಸಿದ.

ಬೀಗರ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಒಡೆಯನಿಗೂ ಅದೇ.